ಒಂದೇ ನೋಟಿಸಿನಲ್ಲಿ ಮೂರು ಸಾಲು

ತೀರ್ಥಹಳ್ಳಿ ಸೀಮೆಯ ನಮ್ಮ ಊರಿನ ಸಹಕಾರ ಸಂಘದ ಗೋಡೆಯ ಮೇಲೆ ಮಾರ್ಚ್ ತಿಂಗಳು ಹತ್ತಿರವಾದಂತೆ ಒಂದು ನೋಟಿಸು ಕಾಣಿಸಿಕೊಳ್ಳುತ್ತದೆ. ಇಸವಿ ಬದಲಾಗುತ್ತದೆ, ಒಕ್ಕಣೆ ಬದಲಾಗುವುದಿಲ್ಲ. ‘2024–25ನೇ ಸಾಲಿನ ಬೆಳೆ ಸಾಲದ ನವೀಕರಣಕ್ಕೆ ಬರುವ ಸದಸ್ಯರು ಸಾಲಿನಲ್ಲಿ ನಿಂತು ಸಹಕರಿಸಬೇಕು.’ ಪಹಣಿ, ಆಧಾರ್ ಪ್ರತಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದವರು ಅದನ್ನು ಒಂದೇ ಉಸಿರಿಗೆ ಓದಿ ಮುಂದೆ ಹೋಗುತ್ತಾರೆ. ಯಾರಿಗೂ ಗೊಂದಲವಿಲ್ಲ. ಮೊದಲನೆಯದು ವರ್ಷ, ಎರಡನೆಯದು ತೀರಿಸಬೇಕಾದದ್ದು, ಮೂರನೆಯದು ಕಾಲು ಸೋಲುವ ತನಕ ನಿಲ್ಲಬೇಕಾದದ್ದು. ಒಂದು ವಾಕ್ಯದೊಳಗೆ ಒಂದೇ ಸದ್ದು ಮೂರು ಸಲ ಬಂದು ಮೂರು ಬೇರೆ ಕೆಲಸ ಮಾಡಿ ಹೋಗುತ್ತದೆ, ನಮ್ಮ ಕಿವಿ ಒಮ್ಮೆಯೂ ಎಡವುವುದಿಲ್ಲ. ಈ ವಾಕ್ಯ ನನ್ನ ತಲೆಯಲ್ಲಿ ಕೂತು ಬಹಳ ಕಾಲವಾಯಿತು. ಈ ಮೂವರೂ ಒಂದೇ ಮನೆಯವರೋ, ಒಂದೇ ಸೂರಿನ ಕೆಳಗೆ ಬಂದು ಸೇರಿದ ಬೇರೆ ಬೇರೆ ಊರಿನವರೋ ಎಂದು ಹುಡುಕುತ್ತಾ ಹೋದದ್ದೇ ಈ ಬರಹ.

ಮೊದಲನೆಯ ಸಾಲು ಪಾರಸಿಯದು. ‘ಸಾಲ್’ ಎಂದರೆ ಆ ಭಾಷೆಯಲ್ಲಿ ವರ್ಷ. ಹಿಂದಿಗೂ ಉರ್ದುವಿಗೂ ಮರಾಠಿಗೂ ಅದೇ ಪದ ಹೋಗಿದೆ. ನಮ್ಮಲ್ಲಿ ಬಹುಪಾಲು ಜನ ಇದನ್ನು ‘ವರ್ಷಗಳ ಸಾಲು’ ಎಂದೇ ತಿಳಿದಿದ್ದಾರೆ, ಒಂದರ ಹಿಂದೆ ಒಂದು ವರ್ಷ ಬಂದು ನಿಲ್ಲುವುದರಿಂದ ಸಾಲು ಎಂದು. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಅದು ಹೊರಗಿನಿಂದ ಬಂದದ್ದು ಎಂಬುದಕ್ಕೆ ಗುರುತು ಪದದ ನಡವಳಿಕೆಯಲ್ಲೇ ಇದೆ. 2023ನೇ ಸಾಲಿನ ಪ್ರಶಸ್ತಿ, ಪ್ರಸಕ್ತ ಸಾಲಿನ ಬಜೆಟ್ಟು, ಕಳೆದ ಸಾಲಿನ ಫಲಿತಾಂಶ, ಬರುವ ಸಾಲಿಗೆ ಮುಂದೂಡಿಕೆ. ಎಲ್ಲವೂ ಕಚೇರಿಯ ಮಾತು. ‘ನನ್ನ ಮಗಳಿಗೆ ಎಂಟು ಸಾಲು ತುಂಬಿತು’ ಎಂದು ಯಾವ ತಾಯಿಯೂ ಹೇಳುವುದಿಲ್ಲ. ‘ಮದುವೆಯಾಗಿ ಹತ್ತು ಸಾಲು ಕಳೆಯಿತು’ ಎಂಬ ಮಾತಿಲ್ಲ. ‘ಸಾಲು’ ಎಂದು ಬರಿದಾಗಿ ನಿಂತು ವರ್ಷ ಎನಿಸಿಕೊಳ್ಳುವ ಧೈರ್ಯ ಆ ಪದಕ್ಕೆ ಇಲ್ಲ. ಹಿಂದೆ ಒಂದು ಇಸವಿ, ಮುಂದೆ ಒಂದು ವಿಭಕ್ತಿ ಇದ್ದರಷ್ಟೇ ಅದಕ್ಕೆ ಜೀವ. ವಿಭಕ್ತಿಯೇನೋ ಅಪ್ಪಟ ಕನ್ನಡದ್ದು. ಸಾಲಿನ, ಸಾಲಿಗೆ, ಸಾಲಿನಲ್ಲಿ. ಅದನ್ನು ತೊಟ್ಟ ಮೇಲೆ ಅದು ಪಾರಸಿ ಎಂದು ಅನುಮಾನ ಪಡುವವರಾದರೂ ಯಾರು? ನಮ್ಮದೇ ‘ಸಾಲು’ ಮೊದಲೇ ಮನೆಯಲ್ಲಿ ಇದ್ದುದರಿಂದ ಅದರ ಉಡುಗೆಯೇ ಇದಕ್ಕೂ ಸರಿಹೋಯಿತು.

ಈಗ ನಾನಿರುವ ಶಿವಮೊಗ್ಗದ ಬೀದಿಯಲ್ಲಿ ಪಕ್ಕದ ಮನೆಯವರು ದಖನಿ ಉರ್ದು ಮಾತನಾಡುತ್ತಾರೆ. ಅವರ ಮನೆಯಲ್ಲಿ ಇದೇ ಸಾಲ್ ಬದುಕಿನ ಅಳತೆ. ಮಗು ಹುಟ್ಟಿ ಎಷ್ಟು ಸಾಲ್, ಅಬ್ಬಾ ತೀರಿಕೊಂಡು ಎಷ್ಟು ಸಾಲ್, ಜನವರಿ ಒಂದಕ್ಕೆ ‘ನಯಾ ಸಾಲ್ ಮುಬಾರಕ್’. ಹುಟ್ಟುಹಬ್ಬಕ್ಕೆ ಅವರು ಸಾಲ್‌ಗಿರಾ ಎನ್ನುತ್ತಾರೆ. ಗಿರಾ ಎಂದರೆ ಗಂಟು. ವರ್ಷ ತುಂಬಿದಾಗಲೆಲ್ಲ ದಾರಕ್ಕೆ ಒಂದು ಗಂಟು ಹಾಕುತ್ತಿದ್ದ ಹಳೆಯ ಪದ್ಧತಿಯಿಂದ ಬಂದ ಮಾತು ಅದು. ಗೋಡೆಯ ಆ ಕಡೆ ಹುಟ್ಟು, ಸಾವು, ಹಬ್ಬಗಳನ್ನು ಎಣಿಸುವ ಪದ ಗೋಡೆಯ ಈ ಕಡೆ ಬಜೆಟ್ಟು ಮತ್ತು ಬಾಕಿಯನ್ನು ಮಾತ್ರ ಎಣಿಸುತ್ತದೆ. ಅವರ ಅಂಗಳದಲ್ಲಿ ಅದಕ್ಕಿರುವ ಬೆಚ್ಚನೆಯ ಬಳಕೆ ನಮ್ಮಲ್ಲಿಗೆ ದಾಟಲಿಲ್ಲ, ಏಕೆಂದರೆ ನಮ್ಮಲ್ಲಿಗೆ ಅದು ಬಂದದ್ದು ಮನೆಯಿಂದ ಮನೆಗೆ ಅಲ್ಲ, ದಫ್ತರದಿಂದ ದಫ್ತರಕ್ಕೆ.

ನಗರದ ದಾರಿ

ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದು ತನ್ನ ಹೆಸರನ್ನೇ ಇಟ್ಟು ಹೈದರ್‌ನಗರ ಮಾಡಿದ. ಹೈದರ್ ಉದುರಿಹೋಗಿ ನಗರ ಮಾತ್ರ ಉಳಿದಿದೆ, ಇಂದಿನ ಹೊಸನಗರ ತಾಲ್ಲೂಕಿನಲ್ಲಿ. ಟಿಪ್ಪುವಿನ ಕಾಲದ ಆಡಳಿತದಲ್ಲಿ ಪಾರಸಿಗೆ ದೊಡ್ಡ ಮಣೆ ಇತ್ತು. ಬಡಗಣ ಕನ್ನಡ ನಾಡಿಗೆ ಬಿಜಾಪುರದ ಸುಲ್ತಾನರಿಂದ, ಮರಾಠರ ಲೆಕ್ಕಪತ್ರಗಳಿಂದ ಆ ಪದಗಳು ಅದಕ್ಕೂ ಮೊದಲೇ ಬಂದಿದ್ದವು. ರಾಜರು ಹೋದರು, ಅವರ ಕಂದಾಯದ ಕಡತ ಹೋಗಲಿಲ್ಲ. ರೈತ, ಜಮೀನು, ಫಸಲು, ಹಂಗಾಮು, ಅರ್ಜಿ, ಬಾಕಿ, ಕಿಸ್ತು, ವಸೂಲಿ, ಜಮಾಬಂದಿ, ತಹಶೀಲ್ದಾರ್. ಇವನ್ನೆಲ್ಲ ಕನ್ನಡದಿಂದ ತೆಗೆದುಹಾಕಿದರೆ ಮಲೆನಾಡಿನ ಒಬ್ಬ ಕೃಷಿಕನಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳಲು ಅರ್ಧ ಮಾತೂ ಉಳಿಯುವುದಿಲ್ಲ. ಅಚ್ಚಗನ್ನಡದ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ ‘ರೈತ’ ಎಂಬ ಪದವನ್ನೇ ಹೊರಗಿನದು ಎಂದು ಅಂಗಳದಿಂದ ಎಬ್ಬಿಸುವವರ ಜೊತೆ ನನಗೆ ರಾಜಿಯಿಲ್ಲ. ಅಂದ ಹಾಗೆ, ಜಮೀನು ಮತ್ತು ಜಾಮೀನು ಕೂಡ ಈ ದಾರಿಯಲ್ಲೇ ಬಂದವು, ಒಂದು ಪಾರಸಿಯ ನೆಲ, ಇನ್ನೊಂದು ಅರಬ್ಬಿಯ ಹೊಣೆ. ಒಂದು ದೀರ್ಘದ ಅಂತರದಲ್ಲಿ ನಿಂತ ಈ ಎರಡೂ ಸಾಲದ ಪತ್ರದಲ್ಲಿ ಅಕ್ಕಪಕ್ಕದಲ್ಲೇ ಸಹಿ ಹಾಕಿಸಿಕೊಳ್ಳುತ್ತವೆ.

ಒಂದೇ ಊರಿನೊಳಗೂ ಪದ ಅರ್ಥ ಬದಲಿಸುತ್ತದೆ ಎಂಬುದಕ್ಕೆ ಶಿವಪ್ಪನಾಯಕನ ಶಿಸ್ತಿಗಿಂತ ಒಳ್ಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿ ಇಲ್ಲ. 1645ರಿಂದ 1660ರ ತನಕ ಆಳಿದ ಆತ ಬೇರೆ ಬೇರೆ ಬಗೆಯ ಭೂಮಿಯನ್ನು 12 ವರ್ಷ ಬೆಳೆಸಿ ನೋಡಿ, ಫಲದ ಸರಾಸರಿ ಹಿಡಿದು ಕಂದಾಯ ಗೊತ್ತುಮಾಡಿದ ಎಂಬುದು ಗೆಜೆಟಿಯರುಗಳಲ್ಲಿ ಬರುವ ವಿವರ. ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕ. ಆ ಕಂದಾಯದ ನಿಗದಿಯ ಹೆಸರೇ ಶಿಸ್ತು. ಇವತ್ತು ನಮ್ಮ ಮಕ್ಕಳು ಶಿಸ್ತು ಎಂದ ಕೂಡಲೇ ಕೈಕಟ್ಟಿ ನೆಟ್ಟಗೆ ನಿಲ್ಲುತ್ತಾರೆ. ಅವರ ಮುತ್ತಜ್ಜಂದಿರ ಮುತ್ತಜ್ಜಂದಿರು ಅದೇ ಪದ ಕೇಳಿ ಹಣದ ಗಂಟು ಮುಟ್ಟಿ ನೋಡಿಕೊಂಡಿರಬೇಕು.

ಗೆರೆ ಮತ್ತು ನೀರು

ಇನ್ನು ನಮ್ಮದೇ ಸಾಲಿಗೆ ಬರುತ್ತೇನೆ. ಅಡಿಕೆ ತೋಟದಲ್ಲಿ ಬೆಳೆದವರಿಗೆ ಸಾಲು ಎಂದರೇನು ಎಂದು ಹೇಳಬೇಕಿಲ್ಲ. ಒಂಬತ್ತು ಅಡಿಗೊಂದು ಮರ, ಅದರ ನೇರಕ್ಕೆ ಇನ್ನೊಂದು, ಎರಡು ಸಾಲಿಗೊಂದು ಬಸಿಗಾಲುವೆ. ತೋಟದ ಮೇಲಿನ ತುದಿಯಲ್ಲಿ ನಿಂತು ನೋಡಿದರೆ ಕಾಣುವ ಆ ನೇರದಲ್ಲಿ ನೆಟ್ಟವನ ಕಣ್ಣು ಎಂಥದು ಎಂದು ತಿಳಿಯುತ್ತದೆ. ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳಿಂದಾಗಿ ಒಬ್ಬ ತಾಯಿಗೆ ಸಾಲುಮರವೇ ಹೆಸರಿನ ಭಾಗವಾಯಿತು. ಕವಿತೆಗೆ ಸಾಲು, ಇರುವೆಗೆ ಸಾಲು, ಬೆಟ್ಟಕ್ಕೆ ಸಾಲು. ಕನ್ನಡಿಗನಿಗೆ ಸಾಲು ಎಂದರೆ ಕಣ್ಣಿಗೆ ಕಾಣುವ ನೇರ.

ನಮ್ಮ ಗದ್ದೆಯ ಪಕ್ಕದ ಗದ್ದೆಯನ್ನು ಒಂದು ಸಲ ಕೇರಳದಿಂದ ಬಂದ ಹಿರಿಯರೊಬ್ಬರು ಶುಂಠಿಗೆ ಗೇಣಿ ಹಿಡಿದಿದ್ದರು. ಊರಿನವರೆಲ್ಲ ಅವರನ್ನು ಚೇಟ ಎಂದೇ ಕರೆಯುತ್ತಿದ್ದರು. ಕನ್ನಡ ಅವರಿಗೆ ಸಂತೆಗೆ ಬೇಕಾದಷ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಬೇಕಾದಾಗ ಮಲಯಾಳವೇ ಬಾಯಿಗೆ ಬರುತ್ತಿತ್ತು. ಅವರ ಬಳಿ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ನಾವು ಚಿಕ್ಕಿ ಎನ್ನುತ್ತಿದ್ದ ಹೆಂಗಸೊಬ್ಬರು ಇದ್ದರು. ನಾಟಿಯಲ್ಲಿ ಅವರ ಕೈ ನೋಡಿ ಉಳಿದವರು ತಮ್ಮ ಕೈ ತಿದ್ದಿಕೊಳ್ಳುತ್ತಿದ್ದರು. ಆರಿದ್ರಾ ಮಳೆ ಹಿಡಿದು ಬಿಡದ ಒಂದು ಬೆಳಿಗ್ಗೆ ಚೇಟ ಪೇಟೆಗೆ ಹೊರಡುವ ಅವಸರದಲ್ಲಿ ‘ಚಾಲ್ ನನ್ನಾಕ್ಕಣಂ’ ಎಂದು ಹೇಳಿ ಹೋದರು. ನನ್ನಾಕ್ಕಣಂ ಎಂದರೆ ಚೆನ್ನಾಗಿ ಮಾಡಬೇಕು. ಚಿಕ್ಕಿಗೆ ಅಷ್ಟು ಅರ್ಥವಾಗುತ್ತಿತ್ತು. ಚಾಲ್ ಎಂದದ್ದು ಸಾಲು ಎಂದು ಕೇಳಿಸಿತು. ಸರಿ, ಕೊಪ್ಪೆ ಹೊದ್ದುಕೊಂಡು ಮಧ್ಯಾಹ್ನದ ತನಕ ಮಡಿಗಳ ಮೇಲೆ ಚದುರಿದ್ದ ಸೊಪ್ಪನ್ನು ಸರಿಸಿ, ಬುಡಕ್ಕೆ ಮಣ್ಣು ಏರಿಸಿ, ಸಾಲನ್ನು ದಾರ ಹಿಡಿದಷ್ಟು ನೇರ ಮಾಡಿದರು.

ಚೇಟ ಬಂದು ಬದುವಿನ ಮೇಲೆ ನಿಂತಾಗ ಎರಡು ಮಡಿಗಳ ನಡುವೆ ಕೆಂಪು ನೀರು ಮೊಣಕಾಲಿನ ತನಕ ನಿಂತಿತ್ತು. ಶುಂಠಿಯ ಬುಡದಲ್ಲಿ ಎರಡು ದಿನ ನೀರು ನಿಂತರೆ ಕೊಳೆ ಹತ್ತಿ ಮುಗಿಯಿತು, ಅದು ಇಬ್ಬರಿಗೂ ಗೊತ್ತು. ಅವರು ನೀರಿನ ಕಡೆ ಕೈ ತೋರಿಸಿ ‘ಚಾಲ್, ಚಾಲ್’ ಎಂದರು. ಚಿಕ್ಕಿ ಮಡಿಯ ಕಡೆ ಕೈ ತೋರಿಸಿ ‘ಸಾಲು ನೋಡಿ, ಎಲ್ಲಿಯಾದರೂ ಡೊಂಕು ಇದೆಯಾ’ ಎಂದು ಕೇಳಿದರು. ಇಬ್ಬರೂ ಕೈ ಇಳಿಸಲಿಲ್ಲ. ಮಳೆಯ ಸದ್ದಿಗೆ ಇಬ್ಬರ ದನಿಯೂ ಏರಿತು. ಆಮೇಲೆ ಚಿಕ್ಕಿಯೇ ಒಂದು ಗಳಿಗೆ ಸುಮ್ಮನಿದ್ದು, ಮಡಿಯನ್ನೂ ನೀರನ್ನೂ ನೋಡಿ, ‘ನೇಗಿಲ ಸಾಲಿನಲ್ಲಿ ನಿಲ್ಲುವುದೂ ನೀರೇ ಅಲ್ಲವಾ’ ಎಂದರು. ಗುದ್ದಲಿ ತೆಗೆದುಕೊಂಡು ಇಳಿದು ಗದ್ದೆಯ ಬಾಯಿ ಕಡಿದರು. ನೀರು ಹೊರಟಿತು.

ಯಾವ ಭಾಷಾವಿಜ್ಞಾನವನ್ನೂ ಓದದ ಆಕೆ ಹೇಳಿದ್ದು ಸರಿಯಾಗಿತ್ತು. ತಮಿಳಿನ ಚಾಲ್, ಮಲಯಾಳದ ಚಾಲ್, ತೆಲುಗಿನ ಚಾಲು, ಕನ್ನಡದ ಸಾಲು, ಎಲ್ಲವೂ ನೇಗಿಲು ಹೋದ ಗೆರೆ. ಉತ್ತ ಮಣ್ಣಿನಲ್ಲಿ ಮೂಡುವುದು ನೇರವೂ ಹೌದು, ನೀರು ಹರಿಯುವ ತಗ್ಗೂ ಹೌದು. ಕನ್ನಡ ನೇರವನ್ನು ಇಟ್ಟುಕೊಂಡಿತು, ಮಲಯಾಳ ನೀರನ್ನು ಇಟ್ಟುಕೊಂಡಿತು. ಕಾಸರಗೋಡು ಕಡೆಯ ನೀರ್ಚಾಲು ಎಂಬ ಊರಿನ ಹೆಸರಿನಲ್ಲಿ ಆ ನೀರು ಈಗಲೂ ಇದೆ. ತೆಂಕಣ ಭಾಷೆಗಳಲ್ಲಿ ಚ ಇದ್ದ ಕಡೆ ಕನ್ನಡದಲ್ಲಿ ಸ ಸಿಗುವುದು ಹೊಸದೇನಲ್ಲ. ತೆಲುಗಿನವರ ಚಾರು ನಮ್ಮ ಸಾರು, ಅವರ ಚಾವು ನಮ್ಮ ಸಾವು. ಆದರೆ ಒಡಹುಟ್ಟಿದ ಪದಗಳು ಹೀಗೆ ಎದುರುಬದುರು ನಿಂತು ಒಂದನ್ನೊಂದು ಗುರುತಿಸದೆ ಜಗಳವಾಡಬಲ್ಲವು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ಬದುವಿನ ಮೇಲೆ. ಇತ್ತ ಪಾರಸಿಯ ಸಾಲ್ ಯಾವ ನಂಟೂ ಇಲ್ಲದೆ ಬಂದು, ಯಾರ ಜೊತೆಯೂ ಜಗಳವಿಲ್ಲದೆ ನಮ್ಮ ಮನೆಯೊಳಗೇ ಕೂತಿದೆ. ರಕ್ತಸಂಬಂಧ ಇದ್ದಲ್ಲಿ ಅರ್ಥ ದೂರ, ಸಂಬಂಧವೇ ಇಲ್ಲದಲ್ಲಿ ಸಲುಗೆ. ಇದು ನನಗೆ ಇಂದಿಗೂ ಬೆರಗು.

ಇದೇ ಚಾಲಿನ ಹತ್ತಿರ ಇನ್ನೊಂದು ಇದೆ. ತೆಲುಗಿನಲ್ಲಿ ‘ಚಾಲು’ ಎಂದರೆ ಸಾಕು. ‘ಚಾಲಾ’ ಎಂದರೆ ಬಹಳ. ತಮಿಳಿನ ಗ್ರಂಥಗಳ ‘ಸಾಲ’ಕ್ಕೂ ಬಹಳ ಎಂದೇ ಅರ್ಥ. ನಮ್ಮಲ್ಲಿ ಆ ಬೇರು ಉಳಿದಿರುವುದು ಹೆಚ್ಚಾಗಿ ಇಲ್ಲ ಎನ್ನುವಾಗಲೇ. ಸಾಲದು, ಸಾಲುವುದಿಲ್ಲ, ಸಾಲದ್ದಕ್ಕೆ. ನೆರೆಯವರು ತೃಪ್ತಿಗೆ ಬಳಸುವ ಪದವನ್ನು ನಾವು ಕೊರತೆಗೆ ಬಳಸುತ್ತೇವೆ. ಅದರ ಮೇಲೆ ಹಿಂದಿ, ಮರಾಠಿ ಕಡೆಯ ‘ಚಾಲೂ’ ಬೇರೆ ಬಂದು ಸೇರಿ ನಮ್ಮ ಚಾಲುವಿಗೆ ‘ಶುರು’ ಎಂಬ ಅರ್ಥ ಕೊಟ್ಟಿತು. ಬಾವಿ ತೋಡುವಾಗ ಕೆಳಗಿನಿಂದ ತೆಲುಗು ಮನೆಮಾತಿನವನು ‘ಚಾಲು’ ಎಂದು ಕೂಗಿದರೆ ಮೇಲಿರುವ ಕನ್ನಡದವನ ಕೈ ಪಂಪಿನ ಗುಂಡಿಯ ಕಡೆ ಹೋಗುತ್ತದೆ. ಸಾಕು ಎಂದದ್ದಕ್ಕೆ ಶುರು ಎಂಬ ಉತ್ತರ. ಹಾಗಾಗಿಯೇ ನಮ್ಮ ಕಡೆ ಬಾವಿ ಕೆಲಸದವರು ಬಾಯಿಮಾತು ಬಿಟ್ಟು ಹಗ್ಗ ಜಗ್ಗಿ ಸನ್ನೆ ಮಾಡುತ್ತಾರೆ. ಬಹಳ ಒಳ್ಳೆಯ ಪದ್ಧತಿ.

ಸಾಲಾಗಿ ನಿಲ್ಲಿ

ನನ್ನ ಗೆಳತಿಯೊಬ್ಬಳು ಶಿವಮೊಗ್ಗದ ಹೊರವಲಯದ ಪ್ರಾಥಮಿಕ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾಳೆ. ಆ ಶಾಲೆಗೆ ಕೆಲವು ವರ್ಷಗಳಿಂದ ಬಿಹಾರದ ಕಡೆಯಿಂದ ದುಡಿಯಲು ಬಂದವರ ಮಕ್ಕಳೂ ಬರುತ್ತಾರೆ. ಮೂರನೆಯ ತರಗತಿಗೆ ಸೇರಿದ ಒಬ್ಬ ಹುಡುಗ ಬಿಸಿಯೂಟದ ಹೊತ್ತಿಗೆ ದಿನವೂ ಯಾರಾದರೊಬ್ಬರ ಮೇಲೆ ಕೈ ಮಾಡುತ್ತಿದ್ದ. ಉಳಿದ ಹೊತ್ತು ಮೆತ್ತಗೆ ಇರುವ ಮಗು. ಊಟದ ಗಂಟೆ ಹೊಡೆದು ತಟ್ಟೆ ಹಿಡಿದು ಹೊರಗೆ ಬಂದರೆ ಮುಖ ಕೆಂಪು. ಆಕೆ ಒಂದು ದಿನ ಊಟ ಬಡಿಸುವುದನ್ನು ಅಡುಗೆಯವರಿಗೆ ಬಿಟ್ಟು ಅವನ ಹಿಂದೆಯೇ ನಿಂತು ಗಮನಿಸಿದಳು. ಜಗಲಿಯ ಕಂಬದ ಬಳಿ ನಿಂತ ಸಹಶಿಕ್ಷಕರು ‘ಸಾಲಾಗಿ ನಿಲ್ಲಿ, ಸಾಲಾಗಿ ಬನ್ನಿ’ ಎಂದು ಕೂಗುತ್ತಿದ್ದರು. ಹಿಂದಿನ ಮಕ್ಕಳು ಅದನ್ನೇ ರಾಗವಾಗಿ ಹೇಳುತ್ತಾ ಮುಂದಿನವರನ್ನು ತಳ್ಳುತ್ತಿದ್ದರು, ‘ಸಾಲಾ... ಗಿ, ಸಾಲಾ... ಗಿ’ ಎಂದು. ಆ ರಾಗ ಕೇಳಿದ ಹುಡುಗ ಹಿಂದೆ ತಿರುಗಿ ತಟ್ಟೆಯಲ್ಲೇ ಬಾರಿಸಿದ.

ಹಿಂದಿಯ ಸಾಲಾ ಎಂದರೆ ಹೆಂಡತಿಯ ತಮ್ಮ. ಸಂಸ್ಕೃತದ ಶ್ಯಾಲದಿಂದ ಬಂದ ನಂಟಿನ ಪದ. ಹೊರಗಿನವನನ್ನು ಹಾಗೆ ಕರೆದರೆ ಅವನ ಅಕ್ಕನನ್ನು ತನ್ನವಳಾಗಿಸಿಕೊಂಡ ಧ್ವನಿ ಬರುವುದರಿಂದ ಅದು ಬೈಗುಳವಾಗಿದೆ. ಊರು ಬಿಟ್ಟು ಬಂದ ಮಗುವಿಗೆ ಹೊಸ ಭಾಷೆಯ ನೂರು ಸದ್ದಿನ ನಡುವೆ ಗುರುತು ಸಿಕ್ಕಿದ ಒಂದೇ ಒಂದು ಸದ್ದು ಅದು. ಇಡೀ ಶಾಲೆಯೇ ದಿನವೂ ಊಟದ ಹೊತ್ತಿಗೆ ತನ್ನನ್ನು ಬೈಯುತ್ತದೆ, ಮೇಷ್ಟರೇ ಶುರು ಮಾಡಿಕೊಡುತ್ತಾರೆ ಎಂದು ಅವನು ತಿಳಿದಿದ್ದ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆ ತಿಳಿವಳಿಕೆಯನ್ನು ಇಟ್ಟುಕೊಂಡು ಅವನು ಮರುದಿನವೂ ಶಾಲೆಗೆ ಬರುತ್ತಿದ್ದನಲ್ಲ.

ಗೆಳತಿ ಏನು ಮಾಡಿದಳು ಎಂಬುದು ನನಗೆ ಇಷ್ಟವಾಯಿತು. ಅವಳು ಕನ್ನಡದ ಪದವನ್ನು ಬದಲಿಸಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಟಿಯ ಮೇಲೆ ಒಂದರ ಪಕ್ಕ ಒಂದು ಗೆರೆ ಎಳೆದು ‘ಇದು ಸಾಲು’ ಎಂದಳು. ಆಟದ ಮೈದಾನದ ಸಿಲ್ವರ್ ಮರಗಳನ್ನು ತೋರಿಸಿ ‘ಅದೂ ಸಾಲು’ ಎಂದಳು. ಆಮೇಲೆ ಉಳಿದ ಮಕ್ಕಳನ್ನು ಕರೆದು, ಇವನ ಭಾಷೆಯಲ್ಲಿ ಅಮ್ಮನ ತಮ್ಮನಿಗೆ ಅಪ್ಪ ಏನೆಂದು ಕರೆಯುತ್ತಾರೆ ಗೊತ್ತೇ ಎಂದು ಕೇಳಿದಳು. ಅಪ್ಪನಿಗೆ ಸಾಲಾ ಆದವನು ಮಗುವಿಗೆ ಸೋದರಮಾವ. ಜಾತ್ರೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋಗುವವನು. ಹುಡುಗ ತನ್ನ ಮಾವನ ಬಗ್ಗೆ ಒಂದಿಷ್ಟು ಹಿಂದಿ, ಒಂದಿಷ್ಟು ಕನ್ನಡ ಬೆರೆಸಿ ಬಹಳ ಹೊತ್ತು ಹೇಳಿದನಂತೆ. ಆಮೇಲೂ ಜಗಳ ಪೂರ್ತಿ ನಿಲ್ಲಲಿಲ್ಲ, ಮಕ್ಕಳಲ್ಲವೇ. ಆದರೆ ಊಟದ ಹೊತ್ತಿನ ಜಗಳ ನಿಂತಿತು.

ಏಳು ಸಾಲ

ಸಂಸ್ಕೃತದಲ್ಲಿ ಸಾಲ ಒಂದು ಮರ. ಬಡಗಣ ಮತ್ತು ಮೂಡಣ ಭಾರತದ ಕಾಡುಗಳಲ್ಲಿ ಹಬ್ಬಿರುವ ಮರ, ನಮ್ಮ ಘಟ್ಟದ ಕಾಡಿನಲ್ಲಿ ಇಲ್ಲ. ಬುದ್ಧ ಕುಶಿನಗರದಲ್ಲಿ ಎರಡು ಸಾಲವೃಕ್ಷಗಳ ನಡುವೆ ಮಲಗಿ ಕೊನೆಯುಸಿರು ಬಿಟ್ಟ ಎನ್ನುತ್ತಾರೆ. ಬೇಲೂರಿನ ಕಂಬಗಳ ಮೇಲಿನ ಮದನಿಕೆಯರನ್ನು ಸಾಲಭಂಜಿಕೆ ಎಂದು ಕರೆಯುವುದುಂಟು, ಸಾಲದ ಕೊಂಬೆಯನ್ನು ಮುರಿಯುವವಳು ಎಂದು ಅದರ ಅರ್ಥ. ಮರ ಇಲ್ಲದ ನಾಡಿಗೆ ಮರದ ಕೆಳಗೆ ನಿಂತವಳು ಮಾತ್ರ ಬಂದು ಕಲ್ಲಿನಲ್ಲಿ ನೆಲೆಯಾದಳು.

ನಮ್ಮ ಊರಿನ ದೇವಸ್ಥಾನದ ಚಾವಡಿಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಸುಗ್ರೀವನಿಗೆ ರಾಮನ ಬಲದ ಮೇಲೆ ನಂಬಿಕೆ ಬಾರದೆ ಪರೀಕ್ಷೆ ಕೇಳುವ ಭಾಗ. ಒಂದೇ ಬಾಣದಲ್ಲಿ ಏಳು ಸಾಲವೃಕ್ಷಗಳನ್ನು ರಾಮ ಭೇದಿಸಬೇಕು. ಅರ್ಥಧಾರಿಗಳು ‘ಸಪ್ತಸಾಲ’ ಎಂಬ ಪದವನ್ನು ಎತ್ತಿ ಹಿಡಿದು ಅದರ ಸುತ್ತ ಮಾತು ಹೆಣೆಯುತ್ತಿದ್ದರು. ಕೊಳೆರೋಗಕ್ಕೆ ಅರ್ಧ ಫಸಲು ಉದುರಿಹೋಗಿದ್ದ ವರ್ಷ ಅದು. ಬೋರ್ಡೋ ದ್ರಾವಣ ಎರಡು ಸಲ ಹೊಡೆಸಿದರೂ ಮಳೆ ಬಿಡುವು ಕೊಟ್ಟಿರಲಿಲ್ಲ. ಕೇಳುವವರ ಸಾಲಿನಿಂದ ಹಿರಿಯರೊಬ್ಬರು ‘ಆ ಏಳು ಸಾಲದಲ್ಲಿ ನಮ್ಮದೂ ಒಂದು ಸೇರಿಸಿ ಭಟ್ಟರೇ’ ಎಂದರು. ಚಾವಡಿ ಗೊಳ್ಳೆಂದಿತು. ಅರ್ಥಧಾರಿ ಕ್ಷಣವೂ ತಡೆಯದೆ, ರಾಮನ ಧಾಟಿಯಲ್ಲಿಯೇ, ‘ಮಿತ್ರನೇ, ನೆಲದಲ್ಲಿ ಬೇರು ಬಿಟ್ಟ ಸಾಲವನ್ನು ಕಡಿಯಬಲ್ಲೆ, ಮನೆಯಲ್ಲಿ ಬೇರು ಬಿಟ್ಟದ್ದಕ್ಕೆ ನನ್ನ ಬತ್ತಳಿಕೆಯಲ್ಲಿ ಬಾಣವಿಲ್ಲ’ ಎಂದರು. ಆ ಉತ್ತರಕ್ಕೆ ನಗು ಬರಲಿಲ್ಲ. ಭಾಗವತರು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದಿನ ಪದ್ಯ ಎತ್ತಿಕೊಂಡರು.

ಸಾಲ, ಕಡ, ಸಾಲಗಾರ

ಸಾಲದ್ದಕ್ಕೆ ಮಾಡುವುದೇ ಸಾಲ, ಆದ್ದರಿಂದ ಎರಡೂ ಒಂದೇ ಬೇರು ಎಂದು ವಾದಿಸುವ ಬಂಧುಗಳು ನನಗಿದ್ದಾರೆ. ಅಡಿಕೆಯ ಲೆಕ್ಕ ಬರೆದು ಬರೆದು ಬೇಸತ್ತ ಯಾರಿಗೂ ಹಾಗೆ ಅನ್ನಿಸುವುದು ಸಹಜ. ಅನುಭವಕ್ಕೆ ಸರಿಹೊಂದುವುದೆಲ್ಲ ಪದದ ಚರಿತ್ರೆಗೆ ಸರಿಹೊಂದಬೇಕೆಂದಿಲ್ಲ. ಹೋಲಿಕೆ ಕಂಡ ಕಡೆಯೆಲ್ಲ ಕುಲ ಹುಡುಕುವ ನಮ್ಮ ಚಾಳಿ ಪದಗಳ ವಿಷಯದಲ್ಲಿ ಬಹಳ ಬೇಗ ಕೈಕೊಡುತ್ತದೆ. ಇಷ್ಟಂತೂ ನಿಜ, ಋಣದ ಸಾಲ ಕನ್ನಡದ್ದು, ತುಳುವಿನಲ್ಲೂ ಅದು ಸಾಲವೇ. ಘಟ್ಟ ಇಳಿದರೂ ಆ ಪದದ ಭಾರ ಇಳಿಯುವುದಿಲ್ಲ.

ವರ್ಷದ ಸಾಲಿಗೂ ಋಣದ ಸಾಲಕ್ಕೂ ಹುಟ್ಟಿನಿಂದ ನಂಟಿಲ್ಲದಿದ್ದರೂ ಬದುಕು ಅವೆರಡನ್ನೂ ಗಂಟುಹಾಕಿದೆ. 2023–24ನೇ ಸಾಲಿನ ಬಜೆಟ್ಟಿನಲ್ಲಿ ಸಹಕಾರ ಸಂಘಗಳ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಡ್ಡಿಯಿಲ್ಲ ಎಂಬ ಸೌಲಭ್ಯ ಗಡುವು ಮೀರದಿದ್ದರೆ ಮಾತ್ರ. ಹಾಗಾಗಿ ಸಾಲು ಮುಗಿಯುವ ಮೊದಲು ಹಳೆಯದನ್ನು ಕಟ್ಟಿ ಹೊಸದನ್ನು ಎತ್ತಬೇಕು, ಕಟ್ಟಲು ದುಡ್ಡಿಲ್ಲದವರು ಎರಡು ದಿನಕ್ಕೆಂದು ಹೊರಗಿನಿಂದ ಕೈಗಡ ತಂದು ಕಟ್ಟುತ್ತಾರೆ. ಸಾಲ ತೀರಿಸಲು ಕಡ.

ಈ ಕಡ ಎಂಬ ಪದವನ್ನು ನಾನು ಬಹಳ ಪ್ರೀತಿಸುತ್ತೇನೆ. ತಮಿಳಿನ ಕಡನ್‌ಗೆ ಸಾಲ ಎಂದೇ ಅರ್ಥ, ಮಲಯಾಳದ ಕಡ ಎಂದರೆ ಅಂಗಡಿ, ಮಲೆನಾಡಿನ ಅಡುಗೆಮನೆಯಲ್ಲಿ ಕಡ ಎಂದರೆ ಪಕ್ಕದ ಮನೆಯಿಂದ ತಂದ ಒಂದು ಲೋಟ ಸಕ್ಕರೆ. ಹೊಳೆ ಏರಿ ಸಂತೆಗೆ ಹೋಗಲಾಗದ ದಿನಗಳಲ್ಲಿ ಕಾಫಿಪುಡಿ, ಬೆಲ್ಲ, ಚಿಮಣಿ ಎಣ್ಣೆ ಎಲ್ಲವೂ ಕಡವಾಗಿ ಮನೆಯಿಂದ ಮನೆಗೆ ನಡೆಯುತ್ತಿದ್ದವು. ತಂದದ್ದನ್ನು ತಂದ ಲೋಟದಲ್ಲೇ, ಒಂದು ಚಿಟಿಕೆ ಮೇಲೆ ಸೇರಿಸಿ ತಿರುಗಿ ಕೊಡುವುದು ರೂಢಿ. ಆ ಚಿಟಿಕೆಗೆ ಬಡ್ಡಿ ಎಂದವರನ್ನು ನಾನು ಕಂಡಿಲ್ಲ. ಸಾಲ ಮಾಡಿದವನು ತಲೆ ತಗ್ಗಿಸಿ ಹೋಗುತ್ತಾನೆ, ಕಡ ತಂದವಳು ಜಗಲಿಯಲ್ಲಿ ಕೂತು ಒಂದು ಎಲೆ ಹಾಕಿಕೊಂಡೇ ಹೋಗುತ್ತಾಳೆ.

ಮೇಲಿನ ಗೊಂದಲಗಳಲ್ಲಿ ಯಾವುದನ್ನೂ ಕನ್ನಡದಿಂದ ಹೊರಹಾಕಬೇಕೆಂದು ನನಗೆ ಅನ್ನಿಸುವುದಿಲ್ಲ. ಚೇಟನ ಚಾಲ್, ಬಾವಿಯ ಚಾಲು, ಕಚೇರಿಯ ಸಾಲು, ಎಲ್ಲವೂ ಇರಲಿ, ಎದುರಿಗೆ ನಿಂತವನ ಮುಖ ನೋಡಿದರೆ ಅರ್ಥ ತಾನಾಗಿ ತಿಳಿಯುತ್ತದೆ. ಒಂದು ಮಾತ್ರ ನನ್ನನ್ನು ಚುಚ್ಚುತ್ತದೆ, ಅದು ನೆರೆಯ ಭಾಷೆಯಿಂದ ಬಂದದ್ದೂ ಅಲ್ಲ. ‘ಸಾಲಗಾರರ ಕಾಟ ತಾಳಲಾರದೆ ರೈತ ಊರು ಬಿಟ್ಟ’ ಎಂದು ಪತ್ರಿಕೆ ಬರೆಯುತ್ತದೆ. ಅಲ್ಲಿ ಸಾಲಗಾರ ಎಂದರೆ ಸಾಲ ಕೊಟ್ಟವನು. ಅದೇ ದಿನ ಅದೇ ರೈತನ ಬಾಗಿಲಿಗೆ ಅಂಟಿಸಿದ ನೋಟಿಸಿನಲ್ಲಿ ‘ಸಾಲಗಾರರ ಹೆಸರು’ ಎಂಬುದರ ಮುಂದೆ ಇರುವುದು ಅವನದೇ ಹೆಸರು. ಕಾಡುವವನಿಗೂ ಕಾಡಿಸಿಕೊಳ್ಳುವವನಿಗೂ ಒಂದೇ ಪದ. ಮನೆಯ ಮುಂದೆ ಹಾದುಹೋಗುವ ಮಕ್ಕಳು ಆ ನೋಟಿಸನ್ನು ಗಟ್ಟಿಯಾಗಿ ಓದುತ್ತಾರೆ. ಹಳೆಯ ಕನ್ನಡ ಪದ್ಯಗಳಲ್ಲಿ ಸಾಲ ಕೊಟ್ಟು ವಸೂಲಿಗೆ ಬರುವವನನ್ನು ಸಾಲಿಗ ಎಂದು ಕರೆದಿದ್ದಾರೆ. ಅಚ್ಚುಕಟ್ಟಾದ ಚಿಕ್ಕ ಪದ, ಇನ್ನೂ ಸವೆದಿಲ್ಲ. ಪತ್ರಿಕೆಯ ಉಪಸಂಪಾದಕರೂ ನೋಟಿಸು ಬರೆಸುವ ವಕೀಲರೂ ಕಾಟ ಕೊಡುವವನಿಗೆ ಆ ಪದವನ್ನು ಕೊಟ್ಟು, ಸಾಲಗಾರ ಎಂಬುದನ್ನು ಸಾಲ ಹೊತ್ತವನಿಗಷ್ಟೇ ಬಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.